ಗಣಕಯಂತ್ರದಲ್ಲಿ ಚಿತ್ರಲೇಖನ: ನಮ್ಮ ಹೆಣ್ಣುಮಕ್ಕಳಿಗೆ ಬೇಕೆ?

ನಮ್ಮ ಬಾಲಿಕೆಯರು ಶಾಲೆಯ ಗಣಕಯಂತ್ರದ ಮುಂದೆ ಕುಳಿತು ಚಿತ್ರ ಬರೆಯುವುದನ್ನು ಕಂಡ ಕೆಲವು ಪೋಷಕರು, ‘ಇದು ಕಾಲಹರಣವಲ್ಲವೆ? ಈ ಹೊತ್ತನ್ನು ಗಣಿತಕ್ಕೆ ಕೊಟ್ಟರೆ ನಾಲ್ಕು ಅಂಕಗಳಾದರೂ ಹೆಚ್ಚಾಗವೆ?’ ಎಂದು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಆದರೆ ಆ ಹೊತ್ತು ವ್ಯರ್ಥವಲ್ಲವೆಂದೂ, ವಾರಕ್ಕೊಂದು ಗಂಟೆಯಾದರೂ ಅದು ಉಳಿಯತಕ್ಕುದೆಂದೂ ನಮ್ಮ ಅಭಿಪ್ರಾಯ.

ಕಲಿಯಬೇಕಾದ ಉಪಕರಣಗಳು ಬಹಳವಿಲ್ಲ. 1985ರಲ್ಲಿ ವಿಂಡೋಸಿನ ಮೊದಲನೆಯ ಆವೃತ್ತಿಯೊಡನೆ ಬಂದು ಇಂದಿಗೂ ಬಳಕೆಯಲ್ಲಿರುವ ‘ಪೇಂಟ್’ ಎಂಬ ಸರಳ ತಂತ್ರಾಂಶವನ್ನೇ ನೋಡೋಣ. ಪೆನ್ಸಿಲು, ಕುಂಚ, ರಬ್ಬರು, ನೇರ ಗೆರೆ, ಚೌಕ, ವೃತ್ತ, ಬಣ್ಣ ತುಂಬುವ ಬಕೆಟ್ಟು, ಬೇಕಾದ ಭಾಗವನ್ನು ಆರಿಸಿಕೊಳ್ಳುವ ಚೌಕಟ್ಟು, ಇಷ್ಟನ್ನು ಅರಿತರೆ ಆರಂಭಕ್ಕೆ ಸಾಕು. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಎಳೆದರೆ ಗೆರೆಯು ಅತ್ತಿತ್ತ ವಾಲದು. ವೃತ್ತವು ಮೊಟ್ಟೆಯಾಕಾರಕ್ಕೆ ತಿರುಗದು. ತಪ್ಪಿದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಕಂಟ್ರೋಲ್ ಮತ್ತು ಜೆಡ್ ಕೀಲಿಗಳಿವೆ. ಆದುದರಿಂದ ಹಾಳೆ ಕೆಟ್ಟೀತೆಂದು ಅಂಜುವ ಹುಡುಗಿಯೂ ಇಲ್ಲಿ ಧೈರ್ಯವಾಗಿ ಗೆರೆ ಎಳೆಯುವಳು.

ಈ ಅಲ್ಪ ಉಪಕರಣಗಳೇ ದೊಡ್ಡ ಪಾಠವನ್ನು ಕಲಿಸುವುವು. ಹೂವಿನ ಎಸಳಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ಬಕೆಟ್ಟಿನಿಂದ ಸುರಿದ ಕೆಂಪು ಹಾಳೆಯನ್ನೆಲ್ಲ ತುಂಬಿಬಿಡುವುದು. ಆಗ ಬಾಲಿಕೆಯು ಚಿತ್ರವನ್ನು ಹಿಗ್ಗಿಸಿ ನೋಡಿ, ಸಂದು ಎಲ್ಲಿದೆಯೆಂದು ಹುಡುಕಿ ಮುಚ್ಚಿ, ಮತ್ತೆ ಬಣ್ಣ ತುಂಬುವಳು. ಕಾರಣವನ್ನು ಶೋಧಿಸಿ ದೋಷವನ್ನು ತಿದ್ದುವ ಈ ಅಭ್ಯಾಸವು ಗಣಿತಕ್ಕೆ ಹೊರಗಿನದೆ? ರಂಗವಲ್ಲಿಯ ಕಾಲುಭಾಗವನ್ನು ಬರೆದು, ನಕಲುಮಾಡಿ, ಎಡಬಲಕ್ಕೂ ಮೇಲುಕೆಳಕ್ಕೂ ಮಗುಚಿ ಜೋಡಿಸಿ ಪೂರ್ಣಗೊಳಿಸುವಾಗ ಸಮಮಿತಿಯ ಪಾಠವು ಕಣ್ಣಿಗೇ ಕಾಣಿಸುವುದು.

ಸಾಧನವು ಸ್ವಲ್ಪವಾದರೆ ಕಲೆಯು ಕುಂದುವುದೆಂದು ತಿಳಿಯಬಾರದು. ನಮ್ಮ ಶಿವಮೊಗ್ಗೆಯ ಜಿಲ್ಲೆಯಲ್ಲಿ ಸಾಗರದ ಕಡೆಯ ದೀವರ ಸ್ತ್ರೀಯರು ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ನೆನೆಯಿರಿ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳುಪು, ಹುರಿದು ಕಪ್ಪಾಗಿಸಿದ ಅಕ್ಕಿಯ ಕರಿಬಣ್ಣ, ಗುರಿಗೆಯ ಹಳದಿ. ಕುಂಚವೋ ಪುಂಡಿಯ ನಾರು. ಅದರ ಗೆರೆಗಳನ್ನು ಪರದೆಯ ಮೇಲೆ ಒಮ್ಮೆ ಬರೆದು ನೋಡಿದ ಹುಡುಗಿಗೆ, ಅಜ್ಜಿಯಂದಿರ ಕೈಯಲ್ಲಿದ್ದ ಲೆಕ್ಕವೆಂಥದೆಂಬುದು ತಿಳಿಯುವುದು.

ಭದ್ರಾವತಿಯವರಿಗಂತೂ ಗೆರೆಯ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ. 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆಯು ಕೆಲಸ ತೊಡಗಿದ ಮೇಲೆ, ನಕ್ಷೆಯನ್ನೋದಿ ಲೋಹವನ್ನು ರೂಪಿಸಿದ ಕೈಗಳು ಆ ಊರಿನಲ್ಲಿ ಅನೇಕ. ಇಂದು ಯಂತ್ರಗಳ ನಕ್ಷೆಗಳೂ ಗಣಕದಲ್ಲಿಯೇ ಸಿದ್ಧವಾಗುವುವು. ಪೇಂಟು ಆ ವಿದ್ಯೆಯಲ್ಲ. ಆದರೆ ಅದರ ಹೊಸ್ತಿಲು.

‘ಕೇಳಿದರೆ ಯಂತ್ರವೇ ಚಿತ್ರ ಬರೆದುಕೊಡುವ ಕಾಲವಿದು, ಕೈ ನೋಯಿಸಿಕೊಳ್ಳುವುದೇಕೆ?’ ಎನ್ನುವವರೂ ಇರುವರು. ಹೋಟೆಲಿನಲ್ಲಿ ಊಟ ಸಿಕ್ಕುವುದೆಂದು ನಾವು ಅಡಿಗೆಯನ್ನು ಮರೆತೆವೆ? ತಾನೇ ಗೆರೆ ಎಳೆಯದವಳು, ಯಂತ್ರವು ಕೊಟ್ಟುದರಲ್ಲಿ ಸರಿಯಾವುದು, ತಪ್ಪಾವುದು ಎಂದು ಹೇಗೆ ಅರಿತಾಳು?

ಇನ್ನೊಂದು ಮಾತುಂಟು. ಮನೆಯಲ್ಲಿ ಒಂದೇ ಯಂತ್ರವಿದ್ದರೆ ಅದು ಅಣ್ಣನ ಪಾಲಿಗೂ ಪಾತ್ರೆಗಳು ತಂಗಿಯ ಪಾಲಿಗೂ ಬೀಳುವುದು ಎಷ್ಟೋ ಮನೆಗಳಲ್ಲಿ ಇನ್ನೂ ತಪ್ಪಿಲ್ಲ. ಶಾಲೆಯಲ್ಲಿ ಕಲಿತುದು ಅಲ್ಲಿಯೇ ನಿಂತುಹೋಗುವುದು ಹೀಗೆ. ಆದುದರಿಂದ ತಂದೆತಾಯಂದಿರಲ್ಲಿಯೂ, ಇಂದು ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ: ಸಂಜೆಯ ಅರ್ಧ ಗಂಟೆಯನ್ನು ಆಕೆಗೂ ಬಿಡಿರಿ. ಸಿದ್ಧಚಿತ್ರಗಳನ್ನು ಅಂಟಿಸದೆ ಖಾಲಿ ಹಾಳೆಯಿಂದಲೇ ಆಕೆ ಆರಂಭಿಸಲಿ. ಬರೆದುದನ್ನು ತನ್ನ ಹೆಸರಿನಲ್ಲಿಯೇ ಉಳಿಸಿಡುವುದನ್ನು ಕಲಿಯಲಿ.