ದೇವನಹಳ್ಳಿ: ಕೋಟೆಯೊಳಗಿನ ಊರು
ಸ್ಪೇನಿನ ತರಗೋನ ನಗರದಲ್ಲಿ ರೋಮನ್ನರ ಪ್ರಾಚೀನ ಗೋಡೆಗಳ ನಡುವೆ ಜನರು ಇಂದಿಗೂ ಬಾಳುತ್ತಿರುವುದನ್ನು ಕಾಣಲು ದೂರದೂರದ ಪ್ರವಾಸಿಗರು ಹೋಗುತ್ತಾರಾದರೂ, ಜನವಸತಿಯನ್ನು ಒಡಲಲ್ಲಿಟ್ಟುಕೊಂಡ ಅಂಥದೇ ಕೋಟೆಯೊಂದು ಬೆಂಗಳೂರು ವಿಮಾನ ನಿಲ್ದಾಣಕ್ಕೆ ಸಮೀಪದ ದೇವನಹಳ್ಳಿಯಲ್ಲಿದೆ. ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡನು 1501ರಲ್ಲಿ ಕಟ್ಟಿಸಿದನೆನ್ನಲಾದ ಈ ಮಣ್ಣಿನ ಕೋಟೆಯು 18ನೆಯ ಶತಮಾನದಲ್ಲಿ ಮೈಸೂರಿನವರ ವಶವಾಗಿ, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನ ರೂಪ ತಳೆದು, 1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿತು. ಗೋಡೆಯಿಂದ ಅರ್ಧವೃತ್ತಾಕಾರವಾಗಿ ಹೊರಚಾಚಿದ ಕಾವಲು ಬುರುಜುಗಳು, ಅಂದರೆ ಕೊತ್ತಲಗಳು, ಈಗಲೂ ಗಟ್ಟಿಯಾಗಿ ನಿಂತಿವೆ. ಒಳಗಿನ ವೇಣುಗೋಪಾಲಸ್ವಾಮಿ ದೇವಾಲಯದ ಹೊರಗೋಡೆಗಳಲ್ಲಿ ರಾಮಾಯಣದ ಕಥನವೂ ಕೃಷ್ಣನ ಬಾಲಲೀಲೆಗಳೂ ಶಿಲ್ಪಗಳಾಗಿ ಮೂಡಿದ್ದು, ಅವುಗಳ ಸೊಗಸನ್ನು ಸಾವಧಾನವಾಗಿಯೇ ನೋಡಬೇಕು. ಟಿಪ್ಪುವಿನ ಜನ್ಮಸ್ಥಳದ ಸ್ಮಾರಕವೂ ಕೋಟೆಯ ಬಳಿಯಲ್ಲಿದೆ. ನಂದಿಬೆಟ್ಟಕ್ಕೆ ಧಾವಿಸುವವರು ದಾರಿಯಲ್ಲಿ ದೇವನಹಳ್ಳಿಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕು.