ತಲಪಾಡಿ ದಾಟಿ ಬರುವ ಮೊದಲ ಕಾರು

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆಯು ಸೆಸ್ಸೂ ಸೇರಿ ಶೇ. 29ರಷ್ಟಿದ್ದುದು ಶೇ. 18ಕ್ಕೆ ಇಳಿಯಿತು. ಅದನ್ನು ಹೊಸ ಕಾರು ಕೊಳ್ಳುವವರ ಸುದ್ದಿಯೆಂದು ಎಲ್ಲರೂ ಓದಿದರು. ಆದರೆ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯಗಳ ನಮ್ಮ ಮನೆಗಳಿಗೆ ಮೊದಲು ಬರುವುದು ಸಾಮಾನ್ಯವಾಗಿ ಹಳೆಯ ಕಾರೇ. ಪದವಿ ಮುಗಿಸಿ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗನೋ ಮಗಳೋ ನಾಲ್ಕು ಲಕ್ಷದ ಆಸುಪಾಸಿನಲ್ಲಿ ‘ಸ್ಪೋರ್ಟಿ’ಯಾದ ಕಾರೊಂದನ್ನು ಕೇಳಿದಾಗ, ಈ ತೆರಿಗೆಯ ಬದಲಾವಣೆ ನಮಗೂ ಸಂಬಂಧಿಸಿದ ವಿಷಯವಾಗುತ್ತದೆ.

ಹೇಗೆಂದರೆ, ಎರಡು ಮೂರು ವರ್ಷ ಓಡಿದ ಕಾರನ್ನು ಮಾರುವವರು ತಾವು ಅಂದು ಕೊಟ್ಟ ಬೆಲೆಯಿಂದಲೇ ಲೆಕ್ಕ ಆರಂಭಿಸುತ್ತಾರೆ. ಕೊಳ್ಳುವ ನಾವು ಅದೇ ಮಾದರಿಯ ಹೊಸ ಕಾರಿನ ಇಂದಿನ ಬೆಲೆಯಿಂದ ಆರಂಭಿಸಬೇಕು. 1200 ಸಿಸಿಯೊಳಗಿನ, ನಾಲ್ಕು ಮೀಟರಿಗಿಂತ ಉದ್ದವಿರದ ಪೆಟ್ರೋಲ್ ಕಾರುಗಳಿಗೆಲ್ಲ ಈ ಮಾತು ಅನ್ವಯ. ಹಳೆಯ ಕಾರಿನ ವ್ಯಾಪಾರಿಗಳಿಗೆ 2025ರ ಜನವರಿಯಿಂದ ಶೇ. 18 ಜಿಎಸ್‌ಟಿ ಇದೆ ನಿಜ. ಆದರೆ ಅದು ನೋಂದಾಯಿತ ವ್ಯಾಪಾರಿಯ ಲಾಭಾಂಶದ ಮೇಲೆ ಮಾತ್ರ, ಕಾರಿನ ಪೂರ್ಣ ಬೆಲೆಯ ಮೇಲಲ್ಲ. ಒಬ್ಬ ಮಾಲಕರಿಂದ ಇನ್ನೊಬ್ಬರು ನೇರವಾಗಿ ಕೊಂಡರೆ ಅದೂ ಇಲ್ಲ. ‘ಜಿಎಸ್‌ಟಿ ಬೇರೆ ಕೊಡಬೇಕು’ ಎಂದು ಪೂರ್ತಿ ಮೊತ್ತಕ್ಕೆ ಲೆಕ್ಕ ಹಾಕಿ ತೋರಿಸಿದರೆ ಅಲ್ಲಿಂದ ಎದ್ದು ಬರುವುದೇ ಲೇಸು.

‘ಸ್ಪೋರ್ಟಿ’ ಎಂಬ ಬಯಕೆಯನ್ನು ಹಿರಿಯರು ತಪ್ಪೆಂದು ಬಗೆಯಬೇಕಾಗಿಲ್ಲ. ಹಗುರವಾದ ದೇಹ, ಮಾತು ಕೇಳುವ ಸ್ಟೀರಿಂಗ್, ನಂಬಬಹುದಾದ ಬ್ರೇಕು ಇರುವ ಕಾರು ಎಳೆಯ ಚಾಲಕರಿಗೆ ಒಳ್ಳೆಯದೇ. ತೊಂದರೆ ಬರುವುದು ಈ ಪದವನ್ನು ದೊಡ್ಡ ಸೈಲೆನ್ಸರಿನ ಸದ್ದು, ಅಗಲದ ಚಕ್ರ, ತಗ್ಗಿಸಿದ ಸಸ್ಪೆನ್ಶನ್ ಎಂದು ಓದಿಕೊಂಡಾಗ. ಕೇರಳದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು ತೀರ್ಪಿತ್ತಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇಂತಹ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆಮನೆ. ದಂಡ ತೆರಬೇಕಾದವರು ಇಂದಿನ ಮಾಲಕರು. ಬದಲಾಯಿಸಿದವರು ಹಿಂದಿನ ಮಾಲಕರೆಂಬ ವಾದ ರಸ್ತೆಬದಿಯ ತಪಾಸಣೆಯಲ್ಲಿ ನಡೆಯದು. ಯಾರೋ ಖರ್ಚು ಮಾಡಿ ಅಲಂಕರಿಸಿದ ಕಾರು ‘ಅಗ್ಗಕ್ಕೆ ಸಿಕ್ಕಿತು’ ಎನ್ನುವಾಗ, ಅದನ್ನು ಮೂಲಸ್ಥಿತಿಗೆ ತರುವ ಖರ್ಚನ್ನೂ ಕೂಡಿಸಿಕೊಳ್ಳಬೇಕು.

ಹಾಗಾದರೆ ಯಾವ ಕಾರು? ನಮ್ಮ ಒಲವು 2018ರ ನಂತರದ ಮಾರುತಿ ಸ್ವಿಫ್ಟ್ ಪೆಟ್ರೋಲಿನ ಕಡೆಗೆ. 1197 ಸಿಸಿ ಎಂಜಿನ್, 83 ಅಶ್ವಶಕ್ತಿ, ಒಂಬೈನೂರು ಕಿಲೋಗಿಂತ ಕಡಿಮೆ ತೂಕ. ಪೆರ್ಲದಿಂದ ಅಡ್ಕಸ್ಥಳದತ್ತ ಸಾಗುವ ತಿರುವು ರಸ್ತೆಯಲ್ಲಿ ಎಳೆಯರಿಗೆ ಬೇಕಾದಷ್ಟು ಉಲ್ಲಾಸ ಇದರಲ್ಲಿದೆ. ರಿಪೇರಿ ಬಲ್ಲ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಇದ್ದಾನೆ. ಆ ಪೀಳಿಗೆಯ ಎಲ್ಲ ದರ್ಜೆಗಳಲ್ಲೂ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಬಂದಿದ್ದವು. ಆದರೂ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ದೊರೆತದ್ದು ಎರಡೇ ನಕ್ಷತ್ರ ಎಂಬುದನ್ನು ಮನೆಯವರು ತಿಳಿದಿರಬೇಕು. ಫೋಕ್ಸ್‌ವ್ಯಾಗನ್ ಪೋಲೋದ ದೇಹ ಇದಕ್ಕಿಂತ ಗಟ್ಟಿ. 2014ರಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸೊನ್ನೆ, ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ ನಾಲ್ಕು ನಕ್ಷತ್ರ ಸಿಕ್ಕಿತು. ಕಾರು ಒಂದೇ, ವ್ಯತ್ಯಾಸ ಎರಡು ಚೀಲ! ಆದರೆ ಅದರ ತಯಾರಿಕೆ 2022ರಲ್ಲಿ ನಿಂತಿದೆ. ಮೂರು ಸಿಲಿಂಡರಿನ ಸಾಧಾರಣ ಎಂಜಿನ್ ನೋಟಕ್ಕೆ ತಕ್ಕಂತೆ ಓಡುವುದಿಲ್ಲ. ಓಡುವ ಜಿಟಿ ಟಿಎಸ್‌ಐ ಮಾದರಿಯ ಡಿಎಸ್‌ಜಿ ಗೇರ್‌ಬಾಕ್ಸ್ ಕೆಟ್ಟರೆ ಹೊಸ ಉದ್ಯೋಗಿಯ ಹಲವು ತಿಂಗಳ ಸಂಬಳ ಅಲ್ಲಿಗೇ ಹೋಗುತ್ತದೆ. ಮೊದಲ ಕಾರಿಗೆ ಅದು ಬೇಡವೆಂಬುದು ನಮ್ಮ ಅಭಿಪ್ರಾಯ.

ಮಾದರಿ ಯಾವುದೇ ಆಗಲಿ, ತಯಾರಾದ ತಿಂಗಳನ್ನು ನೋಡುವುದು ಮುಖ್ಯ. ನಮ್ಮ ದೇಶದಲ್ಲಿ ಚಾಲಕರ ಏರ್‌ಬ್ಯಾಗ್ ಎಲ್ಲ ಕಾರುಗಳಿಗೆ ಕಡ್ಡಾಯವಾದದ್ದು 2019ರ ಜುಲೈಯಲ್ಲಿ; ಪಕ್ಕದ ಆಸನದ್ದು 2021ರ ಕೊನೆಗೆ. ಅದಕ್ಕೂ ಹಿಂದಿನ ಕಾರಾದರೆ ಕೆಳದರ್ಜೆಯದನ್ನು ಬಿಟ್ಟು, ಒಂದು ವರ್ಷ ಹಳತಾದರೂ ಸರಿ, ಮೇಲ್ದರ್ಜೆಯದನ್ನು ಹುಡುಕಬೇಕು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥಗಳ ಹೆದ್ದಾರಿ ತೆರೆದುಕೊಂಡಿದೆ. ಹೊಸ ಚಾಲಕರ ಕಾಲಿನಡಿಯ ವೇಗ ಈಗ ಹಳೆಯ ರಸ್ತೆಯ ವೇಗವಲ್ಲ.

ಇನ್ನು ಗಡಿಯ ವಿಷಯ. ಮಂಗಳೂರಿನ ಕೆಎ 19 ಕಾರು ಕಾಸರಗೋಡಿನ ಕೆಎಲ್ 14 ಕಾರಿಗಿಂತ ಅಗ್ಗವಾಗಿ ಕಂಡಾಗ ನಮ್ಮವರು ಮರುಳಾಗುವುದುಂಟು. ಭಾಷೆ ಅಲ್ಲಿ ನಮ್ಮದೇ, ವ್ಯಾಪಾರ ಸುಲಭ. ಆದರೆ ಕಾರಿಗೆ ಭಾಷೆಯಿಲ್ಲ, ರಾಜ್ಯವಿದೆ. ಇನ್ನೊಂದು ರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ ಇಲ್ಲಿಯ ಸಂಖ್ಯೆ ಪಡೆಯಲೇಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ 28ನೇ ನಮೂನೆಯ ಎನ್‌ಒಸಿ, ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳು, ಸಾಲವಿದ್ದುದಾದರೆ ತೀರುವಳಿಗೆ 35ನೇ ನಮೂನೆ ಬೇಕು. ಮೇಲಾಗಿ ಕೇರಳದ ರಸ್ತೆ ತೆರಿಗೆಯನ್ನು ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿಕೆ ಭಾಗಕ್ಕೆ ಅಲ್ಲಿಯೇ ಅರ್ಜಿ ಹಾಕಬೇಕಾಗುತ್ತದೆ. ಆ ಹಣ ಯಾರ ಕೈಗೆ ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಇಷ್ಟನ್ನೂ ಕೂಡಿಸಿದ ಮೇಲೆ ಅಗ್ಗ ಉಳಿಯುವುದೇ ಎಂದು ನೋಡಿದರೆ, ಹಲವು ಬಾರಿ ಊರಿನ ಕೆಎಲ್ 14 ಕಾರೇ ಮೇಲು.

ಉತ್ತರದಿಂದ ಬರುವ ಕಾರುಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ದೆಹಲಿಯಲ್ಲಿ ಹಳೆಯ ಡೀಸೆಲ್ ಕಾರುಗಳ ಮೇಲಿನ ನಿರ್ಬಂಧದಿಂದಾಗಿ ಅಲ್ಲಿ ಬೆಲೆ ಕುಸಿದವು ದಕ್ಷಿಣಕ್ಕೆ ಮಾರಾಟವಾಗುತ್ತವೆ. ದೊಡ್ಡ ಎಂಜಿನ್, ಮಿರುಗುವ ಬಣ್ಣ, ಕಡಿಮೆ ಬೆಲೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಐದು ಸಾವಿರ, 20 ದಾಟಿದರೆ ಹತ್ತು ಸಾವಿರ ಶುಲ್ಕವೆಂಬುದನ್ನು ಮಾರುವವರು ಹೇಳುವುದಿಲ್ಲ.

ವರ್ಗಾವಣೆಯನ್ನು ‘ಆಮೇಲೆ ಮಾಡೋಣ’ ಎಂದು ಬಿಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಕೊಂಡವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕೆಂದು ಕಾನೂನಿದೆ. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ ಮೇಲೆ, ಮಾರುವವರಿಗೂ ಇದರಲ್ಲಿ ಅವಸರವಿರಬೇಕು. ಅವಸರವಿಲ್ಲದ ಮಾರಾಟಗಾರರನ್ನು ಸಂಶಯದಿಂದಲೇ ನೋಡಬೇಕು. ವಿಮೆಯನ್ನೂ ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಹಿಂದಿನ ಮಾಲಕರ ನೋ ಕ್ಲೈಮ್ ಬೋನಸ್ ಅವರೊಡನೆಯೇ ಹೋಗುವುದರಿಂದ ಕಂತು ಸ್ವಲ್ಪ ಏರುತ್ತದೆ.

ಇನ್ನೊಂದು ಮಾತನ್ನು ಕನ್ನಡ ಮಾಧ್ಯಮದ ಮನೆಗಳಿಗೆಂದೇ ಹೇಳಬೇಕಾಗಿದೆ. ಇಲ್ಲಿಯ ಮುದ್ರಾಂಕ ಕಾಗದದ ಕರಾರು ಮಲಯಾಳದಲ್ಲಿರುವುದೇ ಹೆಚ್ಚು. ಮಾತಾಡಲು ಮಲಯಾಳ ಬಲ್ಲ ನಮ್ಮ ಹಿರಿಯರಲ್ಲಿ ಅನೇಕರಿಗೆ ಅದನ್ನು ಓದಲು ಬಾರದು, ಸಹಿಯನ್ನೋ ಕೂಡಲೇ ಹಾಕುತ್ತಾರೆ. ಓದಬಲ್ಲ ಮಗಳಿಂದಲೋ ನೆರೆಯವರಿಂದಲೋ ಸಾಲುಸಾಲಾಗಿ ಓದಿಸಿ, ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಕಾರಿನ ಮೇಲಿನದರೊಂದಿಗೆ ತಾಳೆ ನೋಡಿದ ಬಳಿಕವೇ ಮುಂಗಡ ಕೊಡಬೇಕು.

ಕಡಲತೀರದ ಕಾರಾದರೆ ಅಡಿಭಾಗದ ತುಕ್ಕನ್ನು ಲಿಫ್ಟಿನ ಮೇಲೆ ಏರಿಸಿಯೇ ನೋಡಬೇಕು. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಗೆರೆ ಕಂಡರೆ ಅದು ನೆರೆನೀರಿನಲ್ಲಿ ನಿಂತ ಕಾರಿರಬಹುದು. ಇದ್ದ ಹಣವನ್ನೆಲ್ಲ ಬೆಲೆಗೇ ಸುರಿಯದೆ ಹೊಸ ನಾಲ್ಕು ಟಯರು, ಬ್ರೇಕ್ ಪ್ಯಾಡು, ಬ್ಯಾಟರಿಗಳಿಗೆ ಸುಮಾರು ಮೂವತ್ತು ಸಾವಿರ ಎತ್ತಿಟ್ಟುಕೊಂಡರೆ, ಜೂನ್ ತಿಂಗಳ ಮೊದಲ ಮಳೆಗೆ ಕಾರು ಸಿದ್ಧವಾಗಿರುತ್ತದೆ.