ತಿಮಿಂಗಿಲವೂ ನೀಲಗಿರಿಯೂ

ಒಂದು, ಉತ್ತರ ಧ್ರುವಸಾಗರದ ಹಿಮದಡಿಯಲ್ಲಿ ಈಜುವ ಪ್ರಾಣಿ. ಇನ್ನೊಂದು, ಆಸ್ಟ್ರೇಲಿಯದ ಆಗ್ನೇಯ ಭಾಗದ ಬೆಟ್ಟಗಳಲ್ಲಿ ಬೇರೂರಿ ನಿಂತ ಮರ. ಬೋಹೆಡ್ ತಿಮಿಂಗಿಲಕ್ಕೂ ಯೂಕಲಿಪ್ಟಸ್ ರೆಗ್ನನ್ಸ್ ಎಂಬ ನೀಲಗಿರಿಯ ಜಾತಿಗೂ ಏನು ನಂಟೆಂದು ವಾಚಕರು ಕೇಳಬಹುದು. ನಂಟಿರುವುದು ಅವುಗಳ ಆಯುಷ್ಯದಲ್ಲಿ.

ಬಿಲ್ಲಿನಂತೆ ಬಾಗಿದ ದವಡೆಯುಳ್ಳ ಈ ತಿಮಿಂಗಿಲವು ಸುಮಾರು 18 ಮೀಟರುಗಳವರೆಗೆ ಬೆಳೆಯುತ್ತದೆ. ಸಸ್ತನಿಗಳಲ್ಲೆಲ್ಲ ಇದೇ ದೀರ್ಘಾಯುಷಿ; 200 ವರ್ಷಗಳನ್ನು ಮೀರಿ ಬದುಕಬಲ್ಲದೆಂಬುದು ವಿಜ್ಞಾನಿಗಳ ಅಂದಾಜು. 2007ರಲ್ಲಿ ಅಲಾಸ್ಕದ ಕಡಲಲ್ಲಿ ಬೇಟೆಯಾದ ತಿಮಿಂಗಿಲವೊಂದರ ಮೈಯೊಳಗೆ 19ನೆಯ ಶತಮಾನದ ಸ್ಫೋಟಕ ಈಟಿಯ ಚೂರು ದೊರೆಯಿತು. ಆ ಪೆಟ್ಟನ್ನು ಹೊತ್ತುಕೊಂಡೇ ಅದು ಒಂದು ಶತಮಾನಕ್ಕೂ ಹೆಚ್ಚು ಕಾಲ ಈಜಿತ್ತು!

ರೆಗ್ನನ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಆಳುವುದು’ ಎಂದರ್ಥ. ಹೆಸರಿಗೆ ತಕ್ಕ ಮರವಿದು. ಟ್ಯಾಸ್ಮೇನಿಯದಲ್ಲಿ 2008ರಲ್ಲಿ ಪತ್ತೆಯಾದ ‘ಸೆಂಚುರಿಯನ್’ ಎಂಬ ಮರದ ಎತ್ತರ ಸುಮಾರು 100 ಮೀಟರು. ಈ ಜಾತಿಯ ಮರಗಳು ನಾನೂರು ವರ್ಷಗಳ ಕಾಲ ಬಾಳಬಲ್ಲವು.

ಆದರೆ ಬಹುಕಾಲ ಬಾಳುವ ಈ ಜೀವಗಳಿಗೆ ಸಂತಾನವು ಬೇಗನೆ ಒದಗುವುದಿಲ್ಲ. ಹೆಣ್ಣು ತಿಮಿಂಗಿಲವು ಪ್ರಾಯಕ್ಕೆ ಬರಲು ಸುಮಾರು 25 ವರ್ಷಗಳು ಬೇಕು. ಅನಂತರವೂ ಮೂರು-ನಾಲ್ಕು ವರ್ಷಗಳಿಗೊಂದೇ ಮರಿ. ದೀಪದ ಎಣ್ಣೆಗಾಗಿ, ಬಾಯಿಯೊಳಗಿನ ಬಳುಕುವ ಪಟ್ಟಿಗಳಿಗಾಗಿ ಮನುಷ್ಯನು ಇವುಗಳನ್ನು ಕೊಂದ ವೇಗಕ್ಕೆ ಆ ಸಂತಾನವು ಸಾಟಿಯಾಗಲಿಲ್ಲ. 1848ರಿಂದ ಬೇಟೆಗೆ ಗುರಿಯಾದ ಅಲಾಸ್ಕದ ಕಡೆಯ ಸಂತತಿ ಚೇತರಿಸಿಕೊಂಡು ಈಗ ಹತ್ತು ಸಾವಿರವನ್ನು ದಾಟಿದೆ. 17ನೆಯ ಶತಮಾನದಲ್ಲೇ ಬೇಟೆಗೆ ಸಿಕ್ಕಿದ ಸ್ಪಿಟ್ಸ್‌ಬರ್ಗೆನ್ ಕಡೆಯ ಸಂತತಿ ಇಂದಿಗೂ ಪೂರ್ಣವಾಗಿ ಚೇತರಿಸಿಕೊಂಡಿಲ್ಲ.

ಮರದ ಶತ್ರು ಬೆಂಕಿ. ನೀಲಗಿರಿಯ ಬಹುತೇಕ ಜಾತಿಗಳು ಸುಟ್ಟ ಬಳಿಕ ಮತ್ತೆ ಚಿಗುರುತ್ತವೆ. ರೆಗ್ನನ್ಸ್ ಮಾತ್ರ ದೊಡ್ಡ ಕಾಳ್ಗಿಚ್ಚಿಗೆ ಸಿಕ್ಕಿದರೆ ಸಾಮಾನ್ಯವಾಗಿ ಸತ್ತೇಹೋಗುತ್ತದೆ. ಹಾಗೆಂದು ಅದರ ವಂಶವು ಅಳಿಯುವುದಿಲ್ಲ. ಕೊಂಬೆಗಳ ಮೇಲಿನ ಕಾಯಿಗಳು ಬಿರಿದು ಬೀಜಗಳು ಬೂದಿಯ ಮೇಲೆ ಉದುರುತ್ತವೆ. ಹೊಸ ಅಡವಿಯೇ ಮೇಲೇಳುತ್ತದೆ. ವಿಕ್ಟೋರಿಯದಲ್ಲಿ 1939ರ ಮಹಾಗ್ನಿಯ ತರುವಾಯ ವಿಸ್ತಾರವಾದ ಅಡವಿಗಳು ಹೀಗೆಯೇ ಹುಟ್ಟಿಕೊಂಡವು. ಆದರೆ ಈ ಎಳೆಯ ಮರಗಳು ಬೀಜ ಕಟ್ಟಲು ಹದಿನೈದು-ಇಪ್ಪತ್ತು ವರ್ಷಗಳಾಗಬೇಕು. ಅಷ್ಟರೊಳಗೆ ಇನ್ನೊಮ್ಮೆ ಬೆಂಕಿ ಬಿದ್ದರೆ ಉದುರಲು ಬೀಜವೇ ಇರುವುದಿಲ್ಲ.

ದೀರ್ಘಾಯುಷ್ಯವನ್ನು ಪ್ರಕೃತಿಯ ವರವೆನ್ನುವುದು ವಾಡಿಕೆ. ಆ ವರವು ಫಲಿಸಬೇಕಾದರೆ ಒಂದು ಪೆಟ್ಟಿಗೂ ಮತ್ತೊಂದಕ್ಕೂ ನಡುವೆ ತಕ್ಕಷ್ಟು ಬಿಡುವಿರಬೇಕು. ಭೂಮಿಯು ಬಿಸಿಯೇರುತ್ತ, ಧ್ರುವದ ಹಿಮ ಕರಗಿ ಅಲ್ಲಿ ಹಡಗುಗಳ ಸಂಚಾರ ಹೆಚ್ಚುತ್ತಿರುವಾಗ, ಇತ್ತ ಕಾಳ್ಗಿಚ್ಚುಗಳ ಅಂತರವೂ ಕುಗ್ಗುತ್ತಿರುವಾಗ, ಆ ಬಿಡುವೇ ದುರ್ಲಭವಾಗುತ್ತಿದೆ.